ಜೂಲಿಯಾನಾ ಬಾಯಮ್ಮನ ಶುಕ್ರವಾರ

ಬಹರೈನಿನ ಹೂರಾದಲ್ಲಿ ನನ್ನದೊಂದು ಕೋಲ್ಡ್ ಸ್ಟೋರ್, ಅಂದರೆ ಕಿರಾಣಿ ಅಂಗಡಿ, ಇದೆ. ಹಾಲು, ಖುಬ್ಬೂಸ್ ರೊಟ್ಟಿ, ಕುಚ್ಚಲಕ್ಕಿ, ಫೋನ್ ಕಾರ್ಡು, ಯಾರೂ ಕೇಳದ ಉಪದೇಶ, ಎಲ್ಲವೂ ಸಿಗುತ್ತದೆ. ಬೆಳಿಗ್ಗೆ ಅಂಗಡಿಯ ಎದುರು ಒಂದು ಬಿಳಿ ವ್ಯಾನ್ ಬಂದು ನಿಲ್ಲುತ್ತದೆ. ಮೇಲಿನ ಮಹಡಿಯ ಫ್ಲಾಟಿನ ಹೆಂಗಸರು ಅದರಲ್ಲಿ ಹತ್ತಿ ಊರಿನ ಮೂಲೆ ಮೂಲೆಯ ಮನೆಗಳಿಗೆ ಹೋಗುತ್ತಾರೆ, ಹಾಸಿಗೆ ಹಿಡಿದವರನ್ನು ನೋಡಿಕೊಂಡು ಸಂಜೆ ವಾಪಸು ಬರುತ್ತಾರೆ. ಎಲ್ಲರೂ ಒಂದೇ ಏಜೆನ್ಸಿಯವರು. ಅವರಲ್ಲಿ ನಾಲ್ವರು ನರ್ಸುಗಳು. ಉಳಿದವರು ಹೆಲ್ಪರ್‌ಗಳು. ಮಾತ್ರೆ, ಇಂಜೆಕ್ಷನ್, ಗಾಯದ ಪಟ್ಟಿ ನರ್ಸುಗಳ ಕೆಲಸ. ಎತ್ತುವುದು, ಸ್ನಾನ ಮಾಡಿಸುವುದು, ಒದ್ದೆ ಹಾಸಿಗೆ ಬದಲಿಸುವುದು ಹೆಲ್ಪರ್‌ಗಳದ್ದು.

ಆ ನರ್ಸುಗಳಲ್ಲಿ ಹಿರಿಯರು ಜೂಲಿಯಾನಾ. ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತೇನೆ, ಅವರು ನನ್ನನ್ನು ಉಸ್ಮಾನ್ ಭಾಯ್ ಎನ್ನುತ್ತಾರೆ. ಐವತ್ತು ದಾಟಿದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಾರೆ. ಬಹರೈನಿಗೆ ಬಂದು ಅರ್ಧ ಆಯುಷ್ಯವಾಯಿತು. ಮೊದಲು ಆಸ್ಪತ್ರೆಯಲ್ಲಿದ್ದರು, ಅಲ್ಲಿಯ ಕಾಂಟ್ರಾಕ್ಟ್ ಮುಗಿದ ಮೇಲೆ ಈ ಏಜೆನ್ಸಿ ಸೇರಿದರು. ಬಾಯಿ ಜೋರು. ಕೊತ್ತಂಬರಿ ಸೊಪ್ಪು ಬಾಡಿದ್ದರೆ ನನ್ನ ಮುಖದ ಎದುರೇ ಹಿಡಿದು, ಇದನ್ನು ನಿಮ್ಮ ಮನೆಯಲ್ಲಿ ತಿನ್ನುತ್ತೀರಾ ಎಂದು ಕೇಳುವ ಹೆಂಗಸು. ಫ್ಲಾಟಿನಲ್ಲಿ ಅವರ ಮಾತೇ ಮಾತು. ಯಾರಿಗೆ ಜ್ವರ ಬಂದರೂ ಗಂಜಿ ಅವರದ್ದೇ.

ಹೆಲ್ಪರ್‌ಗಳಲ್ಲಿ ಅವರಿಗೆ ಹತ್ತಿರದವಳು ಕುಸುಮಾವತಿ. ಮೂಡುಬಿದಿರೆಯ ಕಡೆಯವಳು. ಇಬ್ಬರೂ ತುಳುವಿನಲ್ಲೇ ಮಾತಾಡುವುದು. ಜಾತಿ ಬೇರೆ, ದೇವರು ಬೇರೆಯಾದರೂ ಅವಳು ಇವರನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ರಿಫಾದ ಒಂದು ದೊಡ್ಡ ಮನೆಯಲ್ಲಿ ಪಾರ್ಶ್ವವಾಯು ಬಡಿದ ಭಾರೀ ಮೈಯ ಮುದುಕರೊಬ್ಬರನ್ನು ಎತ್ತಿ ಇಳಿಸಿ ಅವಳ ಸೊಂಟ ಬಿದ್ದುಹೋಗಿತ್ತು. ವಾರಕ್ಕೊಂದು ರಜೆ ಸಿಕ್ಕಿದರೆ ಏನು ಮಾಡುತ್ತೀ ಎಂದು ಒಮ್ಮೆ ನಾನು ಕೇಳಿದಾಗ, ಚಾಪೆ ಹಾಕಿ ಮಲಗುತ್ತೇನೆ, ಆ ದಿನ ಯಾರೂ ನನ್ನ ಹೆಸರು ಹಿಡಿದು ಕರೆಯಬಾರದು ಎಂದಿದ್ದಳು. ಅಷ್ಟೇ ಅವಳ ಆಸೆ. ಏಜೆನ್ಸಿಯ ಕಾಗದದಲ್ಲಿ ವಾರಕ್ಕೊಂದು ರಜೆ ಇತ್ತು, ವ್ಯಾನಿನಲ್ಲಿ ಇರಲಿಲ್ಲ. ವ್ಯಾನ್ ಶುಕ್ರವಾರವೂ ಬರುತ್ತಿತ್ತು.

ಇದರ ಮಧ್ಯೆ ಪೋಲೆಂಡ್ ಬಂತು. ಹೇಗೆಂದರೆ, ಸನದ್‌ನಲ್ಲಿ ಯಾನಿನಾ ಎಂಬ ಪೋಲಿಷ್ ಮುದುಕಿಯೊಬ್ಬರಿದ್ದರು. ಅಸ್ಕರ್ ಕಡೆಯ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅಳಿಯ, ಶಾಲೆಯಲ್ಲಿ ಟೀಚರ್ ಆಗಿದ್ದ ಮಗಳು, ಇವರ ಜೊತೆ ಇರಲು ಬಂದು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಹಗಲಿನ ನರ್ಸ್ ಆಗಿ ಹೋದವರು ನಮ್ಮ ಬಾಯಮ್ಮ. ಆ ಮುದುಕಿಗೆ ಬರುತ್ತಿದ್ದುದು ಹರಕು ಮುರುಕು ಇಂಗ್ಲಿಷ್, ಬಾಯಮ್ಮನದ್ದೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರೂ ಜಪಸರ ಹಿಡಿದು, ಒಬ್ಬರು ಪೋಲಿಷ್‌ನಲ್ಲಿ, ಇನ್ನೊಬ್ಬರು ಕೊಂಕಣಿಯಲ್ಲಿ ತೇರ್ಸ್ ಪ್ರಾರ್ಥನೆ ಮಾಡುತ್ತಿದ್ದರಂತೆ. ಅದು ಮುಗಿದ ಮೇಲೆ ಕತೆ.

ಯಾನಿನಾ ಹರೆಯದಲ್ಲಿ ಗ್ಡಾನ್ಸ್ಕ್ ಎಂಬ ಊರಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಕೆಲಸದಲ್ಲಿದ್ದವರು. ಆಗ ಅಲ್ಲಿ ಕಮ್ಯುನಿಸ್ಟ್ ಸರ್ಕಾರ. ಒಬ್ಬ ಕ್ರೇನ್ ಓಡಿಸುವ ಹೆಂಗಸನ್ನು, ಪಿಂಚಣಿಗೆ ಇನ್ನು ಕೆಲವೇ ತಿಂಗಳಿರುವಾಗ, ಬಾಯಿ ಬಿಟ್ಟು ಮಾತಾಡಿದ್ದಕ್ಕೆ ಕೆಲಸದಿಂದ ತೆಗೆದರು. ಅದಕ್ಕೆ ಇಡೀ ಕಾರ್ಖಾನೆ ಕೆಲಸ ನಿಲ್ಲಿಸಿತು. ಮೂರನೆಯ ದಿನ, ಶನಿವಾರ, ಮ್ಯಾನೇಜರ್ ಬಗ್ಗಿದ. ಆ ಹೆಂಗಸಿಗೆ ಕೆಲಸ ವಾಪಸು, ಎಲ್ಲರಿಗೂ ಸಂಬಳ ಜಾಸ್ತಿ. ಮುಷ್ಕರ ಮುಗಿಯಿತು ಎಂದು ಸಾರಿದರು. ಜನ ಚೀಲ ಹಿಡಿದು ಗೇಟಿನ ಕಡೆ ಹೊರಟರು. ಆದರೆ ಇವರಿಗೆ ಬೆಂಬಲವಾಗಿ ಊರಿನ ಟ್ರಾಮ್‌ನವರು, ಬಸ್ಸಿನವರು, ಸಣ್ಣ ಪುಟ್ಟ ಕಾರ್ಖಾನೆಯವರು ಕೂಡ ಕೆಲಸ ನಿಲ್ಲಿಸಿದ್ದರು. ಅವರಿಗೆ ಏನೂ ಸಿಕ್ಕಿರಲಿಲ್ಲ. ದೊಡ್ಡವರು ಮನೆಗೆ ಹೋದರೆ ಸಣ್ಣವರ ಗತಿ ಮುಗಿಯಿತು. ಆಗ ಕೆಲವು ಹೆಂಗಸರು ಗೇಟಿಗೆ ಓಡಿ, ಅಡ್ಡ ನಿಂತು, ಹೋಗಬೇಡಿ ಎಂದು ಕೂಗಿದರು. ಅವರಲ್ಲಿ ಒಬ್ಬಳು ನರ್ಸ್. ಬಹಳ ಜನ ಹೋಗಿಯೇ ಬಿಟ್ಟರು, ಸ್ವಲ್ಪ ಜನ ಉಳಿದರು. ಉಳಿದವರಿಂದಲೇ ಮುಂದಿನದ್ದೆಲ್ಲ ಆಯಿತು. ಸರ್ಕಾರದ ಹಿಡಿತದಲ್ಲಿಲ್ಲದ ಸಂಘ ಹುಟ್ಟಿತು, ಅದಕ್ಕೆ ಸಾಲಿಡಾರಿಟಿ ಎಂದು ಹೆಸರಿಟ್ಟರು, ಲಕ್ಷ ಲಕ್ಷ ಜನ ಸೇರಿದರು. ಸರ್ಕಾರ ಅದನ್ನು ತುಳಿಯಿತು, ಜನರನ್ನು ಜೈಲಿಗೆ ಹಾಕಿತು. ಕಡೆಗೆ ಬಿದ್ದದ್ದು ಸರ್ಕಾರವೇ.

ಬಾಯಮ್ಮ ಇದನ್ನು ನನ್ನ ಅಂಗಡಿಯಲ್ಲಿ ನಿಂತು ಹೇಳಿದಾಗ ನನಗೆ ಗಂಟಲಲ್ಲಿ ಇಳಿಯಲಿಲ್ಲ. ತೊಕ್ಕೊಟ್ಟಿನ ನನ್ನ ಉಮ್ಮ ಬೀಡಿ ಕಟ್ಟುತ್ತಿದ್ದವಳು, ಕೆಂಪು ಬಾವುಟದ ಹಿಂದೆ ಮಂಗಳೂರಿನವರೆಗೆ ನಡೆದವಳು. ಕಾರ್ಮಿಕರದ್ದೇ ಸರ್ಕಾರ ಅಂದ ಮೇಲೆ ಕಾರ್ಮಿಕರಿಗೆ ಬೇರೆ ಸಂಘ ಯಾಕೆ, ಆ ಮುದುಕಿಯನ್ನು ಕೇಳಿ ಬನ್ನಿ ಎಂದೆ. ಅವರು ನಿಜವಾಗಿ ಕೇಳಿ ಬಂದರು. ಪೊಲೀಸರೂ ನಮ್ಮನ್ನು ಅದನ್ನೇ ಕೇಳಿದರು ಎಂದರಂತೆ ಯಾನಿನಾ. ನಾನು ಹಾಲಿನ ಡಬ್ಬಿ ಜೋಡಿಸತೊಡಗಿದೆ.

ಕತೆಯಲ್ಲಿ ಇನ್ನೊಂದು ಸಂಗತಿ ಇತ್ತು. ಮುಷ್ಕರ ಮುಂದುವರಿದು ಸರ್ಕಾರದ ಮಂತ್ರಿಯೇ ಮಾತುಕತೆಗೆ ಬಂದಾಗ, ಕೋಣೆಯೊಳಗೆ ಆಡಿದ ಮಾತು ಲೌಡ್‌ಸ್ಪೀಕರಿನಲ್ಲಿ ಕಾರ್ಖಾನೆಗೆಲ್ಲ ಕೇಳುತ್ತಿತ್ತಂತೆ. ಯಾರೂ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸುವ ಹಾಗಿರಲಿಲ್ಲ. ಬಾಯಮ್ಮ ಇದನ್ನು ಫ್ಲಾಟಿನ ಹೆಂಗಸರಿಗೂ ಹೇಳಿದರು, ಒಂದು ಸಲವಲ್ಲ, ಮತ್ತೆ ಮತ್ತೆ. ಆದರೆ ಅವರಿಗೆ ಹೆಚ್ಚು ಇಷ್ಟವಾದ ಭಾಗ ಆ ನರ್ಸಿನದ್ದು. ಅಲ್ಲಿಗೆ ಬಂದಾಗ ಎದ್ದು ನಿಂತು ಅಡುಗೆಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ತೋರಿಸುತ್ತಿದ್ದರಂತೆ. ನೋಡಿದವರಿಗೆ ಆ ನರ್ಸ್ ಕಿನ್ನಿಗೋಳಿಯವಳೇ ಇರಬೇಕು ಅನ್ನಿಸುವ ಹಾಗೆ.

ಹೀಗೆ ಕತೆ ಕೇಳಿ ಕೇಳಿ ಹೆಂಗಸರಿಗೆ ಧೈರ್ಯ ಬಂತು. ಸೆಪ್ಟೆಂಬರ್ ಮೊದಲ ಶುಕ್ರವಾರ ಎಲ್ಲರೂ ಕೆಳಗಿಳಿದರು, ವ್ಯಾನ್ ಹತ್ತಲಿಲ್ಲ. ಡ್ರೈವರ್ ಮುಝಮ್ಮಿಲ್ ಹಾರ್ನ್ ಹೊಡೆದ, ಆಮೇಲೆ ಆಫೀಸಿಗೆ ಫೋನ್ ಹೊಡೆದ, ಆಮೇಲೆ ನನ್ನಲ್ಲಿಗೆ ಬಂದು ಚಹಾ ಕುಡಿದ. ಮನೆಮನೆಯಿಂದ ಫೋನ್ ಬಂದವು. ಹೆಂಗಸರು ನನ್ನ ಅಂಗಡಿಯ ನೆರಳಿನಲ್ಲಿ ನಿಂತೇ ಇದ್ದರು. ಬೇಡಿಕೆ ಒಂದೇ: ಶುಕ್ರವಾರ ರಜೆ, ಎಲ್ಲರಿಗೂ. ನಾವಿಲ್ಲದ ಹೊತ್ತಿಗೆ ಬದಲಿ ಜನ ಕೊಡುವುದು ಏಜೆನ್ಸಿಯ ಕೆಲಸ. ಮಾತಾಡಲು ಯಾರು ಎಂದಾಗ ಎಲ್ಲರೂ ಬಾಯಮ್ಮನ ಕಡೆ ನೋಡಿದರು. ಬಾಯಮ್ಮ ಎಲ್ಲರ ಎದುರು, ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ, ಸಿಕ್ಕಿದರೆ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಬೇಡ ಎಂದು ಮಾತು ಕೊಟ್ಟರು. ನಾನು ಕೇಳಿದ್ದೇನೆ. ಕುಸುಮಾವತಿ ಅವರ ಕೈ ಹಿಡಿದುಕೊಂಡಿದ್ದನ್ನೂ ನೋಡಿದ್ದೇನೆ.

ಏಜೆನ್ಸಿಯ ಮ್ಯಾನೇಜರ್ ರೋನ್ಸನ್. ಮಂಗಳೂರಿನವನೇ, ನಗುಮುಖದವನು. ಮಾತಾಡುವ ಎಂದು ಅವನು ಫೋನಿನಲ್ಲಿ ಹೇಳಿದ್ದರಿಂದ ಹೆಂಗಸರು ಶನಿವಾರ ವ್ಯಾನ್ ಹತ್ತಿದರು, ಆದರೆ ಅವನು ಆಫೀಸಿಗೆ ಕರೆಯಲಿಲ್ಲ. ಅವನಿಗೆ ಇನ್ನೂ ಒಳ್ಳೆಯ ಜಾಗ ಗೊತ್ತಿತ್ತು. ಆಗ ಮೊಂತಿ ಫೆಸ್ತಿನ, ಅಂದರೆ ತೆನೆ ಹಬ್ಬದ, ಒಂಬತ್ತು ದಿನಗಳ ನೊವೆನ ಪ್ರಾರ್ಥನೆ ನಡೆಯುತ್ತಿತ್ತು. ಮಂಗಳೂರಿನಿಂದ ವಿಮಾನದಲ್ಲಿ ಭತ್ತದ ತೆನೆ ತರಿಸುವ ಜವಾಬ್ದಾರಿ ಅವನದ್ದು. ಭಾನುವಾರ ಸಂಜೆ ನೊವೆನ ಮುಗಿದು, ಮಕ್ಕಳು ಮಾತೆಗೆ ಹೂ ಹಾಕಿ, ಎಲ್ಲರೂ ಇಗರ್ಜಿಯ ಅಂಗಳಕ್ಕೆ ಬಂದಾಗ ಅವನು ಬಾಯಮ್ಮನನ್ನು ಬದಿಗೆ ಕರೆದ. ಹಿಂದಿ ಇಲ್ಲ, ಇಂಗ್ಲಿಷ್ ಇಲ್ಲ. ಕೊಂಕಣಿಯಲ್ಲಿ, ಬಾಯ್ ಎಂದು ಮರ್ಯಾದೆಯಿಂದ ಕರೆದು, ಊರಿನಲ್ಲಿರುವ ತಂಗಿಯ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದ. ನೀವು ನರ್ಸುಗಳಿಗೆ ಶುಕ್ರವಾರದ ಇಗರ್ಜಿ ಪೂಜೆ ತಪ್ಪುತ್ತದೆ, ಅದು ನನಗೂ ಬೇಸರ, ಧಣಿಯ ಹತ್ತಿರ ಮಾತಾಡಿ ನಿಮ್ಮ ನಾಲ್ವರದ್ದು ಈ ವಾರದಿಂದಲೇ ಮಾಡಿಸಿದ್ದೇನೆ. ಹೆಲ್ಪರ್‌ಗಳದ್ದು ಕಷ್ಟ, ಮನೆಯವರು ಬಿಡುವುದಿಲ್ಲ, ಮುಂದೆ ನೋಡುವ. ಹೀಗೆ ಹೇಳಿ ಕೈ ಮುಗಿದ.

ಅಂಗಳದಲ್ಲಿ ಪರಿಚಯದವರು ಹಾದುಹೋಗುತ್ತಾ ಇಬ್ಬರಿಗೂ ನಮಸ್ಕಾರ ಹೇಳುತ್ತಿದ್ದರು. ಬಾಯಮ್ಮನ ಬಾಯಿಂದ ಬಂದದ್ದು ಒಂದೇ ಮಾತು, ದೇವ್ ಬರೆಂ ಕರುಂ. ದೇವರು ಒಳ್ಳೆಯದು ಮಾಡಲಿ. ಕೊಂಕಣಿಯವರು ಉಪಕಾರ ಪಡೆದಾಗ ಹೇಳುವ ಮಾತು ಅದು, ಹುಟ್ಟಿನಿಂದ ಬಾಯಲ್ಲಿ ಕೂತದ್ದು. ಬಾಗಿಲು ಹಿಡಿದವರಿಗೂ ಹೇಳುತ್ತಾರೆ, ಚಿಲ್ಲರೆ ಕೊಟ್ಟ ನನಗೂ ಹೇಳುತ್ತಾರೆ. ಆದರೆ ಆ ಸಂಜೆ ಅದನ್ನು ಹೇಳಿದ ಮೇಲೆ ಒಪ್ಪಂದ ಮುಗಿದುಹೋಯಿತು. ಉಪಕಾರಕ್ಕೆ ಎದುರಾಡುವುದು ಹೇಗೆ? ಹಕ್ಕು ಕೇಳಲು ಹೋದವರು ಪ್ರಸಾದ ಹಿಡಿದುಕೊಂಡು ಬಂದರು.

ಫ್ಲಾಟಿನಲ್ಲಿ ಸುದ್ದಿ ಹೇಳಿದಾಗ ಕೇರಳದ ನರ್ಸ್ ಶ್ರೀಜಾ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಹೆಲ್ಪರ್‌ಗಳು ಮುಖ ಮುಖ ನೋಡಿಕೊಂಡರು. ಕುಸುಮಾವತಿ ಮಾತ್ರ, ಆಯ್ತು ಅಕ್ಕ, ನಿಮಗಾದರೂ ಸಿಕ್ಕಿತಲ್ಲ ಎಂದು ತಟ್ಟೆ ತೊಳೆಯಲು ಎದ್ದುಹೋದಳು. ಮೊದಲು ಇಷ್ಟಾಗಲಿ, ಉಳಿದದ್ದು ಆಮೇಲೆ, ಎಂದು ಬಾಯಮ್ಮ ಅವಳ ಬೆನ್ನಿಗೆ ಹೇಳಿದರಂತೆ. ಮರುದಿನ ನಾನೂ ಅವರಿಗೆ ಮುಬಾರಕ್ ಹೇಳಿ ಒಂದು ಪೊಟ್ಟಣ ಖರ್ಜೂರ ಕೊಟ್ಟೆ. ಬೀಡಿ ಯೂನಿಯನ್ನಿನ ಮಗನ ಬುದ್ಧಿ ಅಷ್ಟಕ್ಕೇ ನಿಂತಿತ್ತು. ಈಗ ನೆನೆದರೆ ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ.

ಬಾಯಮ್ಮ ಅದೇ ಹುರುಪಿನಲ್ಲಿ ಸನದ್‌ಗೆ ಹೋಗಿ ಯಾನಿನಾಗೆ ಗೆದ್ದೆವು ಎಂದರು. ಮುದುಕಿ ಎಲ್ಲ ಕೇಳಿದರು. ಕುಸುಮಾವತಿಯ ಗುರುತು ಅವರಿಗಿತ್ತು, ಆರಂಭದ ದಿನಗಳಲ್ಲಿ ಅವರನ್ನು ಎತ್ತಿ ಕೂರಿಸಲು ಅವಳೂ ಹೋಗುತ್ತಿದ್ದಳು. ನನ್ನನ್ನು ಎತ್ತುತ್ತಿದ್ದವಳಿಗೂ ಸಿಕ್ಕಿತಾ ಎಂದು ಕೇಳಿದರು. ಆಮೇಲೆ ಎಂದರು ಬಾಯಮ್ಮ. ಯಾನಿನಾ ಬೈಯಲಿಲ್ಲ. ಆ ಶನಿವಾರ ನಾನೂ ಚೀಲ ಹಿಡಿದು ಗೇಟಿನ ಹತ್ತಿರ ಬಂದಿದ್ದೆ, ಆ ನರ್ಸ್ ಹಿಡಿದೆಳೆದದ್ದು ನನ್ನ ಚೀಲವನ್ನೇ, ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ನಾನೂ ಅವಳಿಗೆ ಆಮೇಲೆ ಅಂತಲೇ ಹೇಳಿದ್ದೆ ಎಂದರು. ಮತ್ತೆ, ನೀನು ಮಾತಾಡಿದ್ದು ಅವರಿಗೆಲ್ಲ ಕೇಳಿಸಿತಾ ಎಂದು ಕೇಳಿದರು. ಬಾಯಮ್ಮ ಹೊದಿಕೆ ಸರಿಮಾಡಿದರು. ಮುದುಕಿ, ನನ್ನನ್ನು ಕಿಟಕಿಯ ಕಡೆ ತಿರುಗಿಸಿ ಮಲಗಿಸು ಎಂದರು.

ಅಂದು ಸಂಜೆ ಬಾಯಮ್ಮ ವ್ಯಾನಿನಿಂದ ಇಳಿದು ನೇರ ನನ್ನಲ್ಲಿಗೆ ಬಂದರು. ಏನೂ ಕೊಳ್ಳಲಿಲ್ಲ. ಅಕ್ಕಿಯ ಚೀಲದ ಮೇಲೆ ಕೂತು ಇಷ್ಟನ್ನೂ ಹೇಳಿದರು. ಕತೆ ಹೇಳುವಾಗೆಲ್ಲ ನಾನು ನರ್ಸ್ ಆಗಿ ನಿಲ್ಲುತ್ತಿದ್ದೆ, ಚೀಲ ಹಿಡಿದು ಹೊರಟವಳ ಭಾಗ ನನ್ನದೆಂದು ಗೊತ್ತಿರಲಿಲ್ಲ ಎಂದರು. ಆ ಜೋರು ಹೆಂಗಸಿನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಮುಬಾರಕ್ ಹೇಳಿದ ನಾಲಿಗೆಯಿಂದ ಸಮಾಧಾನ ಹೇಳಲು ನನಗೂ ಮುಖವಿರಲಿಲ್ಲ.

ಆ ವರ್ಷ ಮೊಂತಿ ಫೆಸ್ತ್ ಶುಕ್ರವಾರವೇ ಬಿದ್ದಿತ್ತು. ಅವರಿಗೆ ಸಿಕ್ಕಿದ ಮೊದಲ ರಜೆ ಅದು. ಬೆಳಿಗ್ಗೆ ವ್ಯಾನ್ ಬಂದಾಗ ಹೆಲ್ಪರ್‌ಗಳು ಮಾತ್ರ ಇಳಿದು ಬಂದು ಹತ್ತಿದರು. ಬಾಯಮ್ಮ ಸೀರೆ ಉಟ್ಟು ತಯಾರಾಗಿದ್ದರೂ ವ್ಯಾನ್ ಹೋಗುವವರೆಗೆ ಮೆಟ್ಟಿಲ ಮೇಲೆಯೇ ನಿಂತಿದ್ದರು. ಕೆಳಗೆ ಬರುವ ಧೈರ್ಯವಾಗಲಿಲ್ಲ. ಇಗರ್ಜಿಯಲ್ಲಿ ತೆನೆ ಪಡೆದು ಬಂದು ಅಡುಗೆ ಮಾಡಿದರು. ಆ ಹಬ್ಬದ ಕ್ರಮ ಹೀಗೆ: ಹೊಸ ಭತ್ತ ಸುಲಿದು ಪುಡಿ ಮಾಡಿ ತೆಂಗಿನ ಹಾಲಿಗೆ ಬೆರೆಸುತ್ತಾರೆ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಬಡಿಸುತ್ತಾರೆ, ಮನೆಯವರೆಲ್ಲ ಒಟ್ಟಿಗೆ ಕೂತೇ ಅದನ್ನು ಬಾಯಿಗಿಡಬೇಕು. ದೂರದಲ್ಲಿರುವವರ ಪಾಲನ್ನು ತೆಗೆದಿಡಬೇಕು. ಆ ಫ್ಲಾಟಿನಲ್ಲಿ ಪ್ರತಿ ವರ್ಷ ಹಿಂದಿನ ಸಂಜೆಯೇ ತೆನೆ ತಂದಿಟ್ಟು, ಬೆಳಿಗ್ಗೆ ವ್ಯಾನ್ ಬರುವ ಮೊದಲೇ ಎಲ್ಲರನ್ನೂ ಕೂರಿಸಿ ಬಾಯಮ್ಮ ಬಡಿಸುತ್ತಿದ್ದರು. ಜಾತಿ ಯಾವುದಾದರೂ ಒಂದು ಚಮಚ ಇದ್ದೇ ಇತ್ತು. ಮೊದಲ ಚಮಚ ಕುಸುಮಾವತಿಗೆ. ಅವಳ ಮನೆಯಲ್ಲೂ ಹೊಸ ಅಕ್ಕಿ ಊಟವಿದೆ, ಅದರ ಬೆಲೆ ಅವಳಿಗೆ ಗೊತ್ತು. ಈ ಸಲ ನರ್ಸುಗಳಿಗೆ ರಜೆ ಇದ್ದದ್ದರಿಂದ ಹಬ್ಬ ಮಧ್ಯಾಹ್ನಕ್ಕೆ ಹೋಯಿತು. ಚಾಪೆಯ ತುಂಬ ಖಾಲಿ ಜಾಗ. ಬಾಯಮ್ಮನ ಕೈ ಮುಂದೆ ಹೋಗಲಿಲ್ಲ.

ಜುಮಾ ನಮಾಜು ಮುಗಿಸಿ ನಾನು ಅಂಗಡಿ ತೆರೆಯುವಾಗ ಅವರು ಒಂದು ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು. ರಿಫಾಕ್ಕೆ ಬಿಡುತ್ತೀರಾ ಎಂದರು. ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟೆ.

ಆ ಮನೆಗೆ ಕಬ್ಬಿಣದ ದೊಡ್ಡ ಗೇಟು. ಫೋನ್ ಮಾಡಿದ ಮೇಲೆ ಕುಸುಮಾವತಿ ಸೊಂಟ ಹಿಡಿದುಕೊಂಡು, ಒದ್ದೆ ಕೈಯನ್ನು ಬಟ್ಟೆಗೆ ಒರೆಸುತ್ತಾ ಬಂದಳು. ಗೇಟು ತೆಗೆಯುವ ಅಪ್ಪಣೆ ಅವಳಿಗಿರಲಿಲ್ಲ. ಸರಳಿನ ನಡುವೆ ಬಾಯಮ್ಮ ಡಬ್ಬಿ ತೆರೆದು ಚಮಚ ಚಾಚಿದರು. ಅವಳು ಚಮಚವನ್ನೂ ನೋಡಿದಳು, ಸೀರೆಯನ್ನೂ ನೋಡಿದಳು.

“ಇದು ಹೊಸ ಅಕ್ಕಿಯಾ, ನನ್ನ ಬಾಯಿ ಮುಚ್ಚಿಸ್ಲಿಕ್ಕಾ?” ಎಂದಳು.

ಬಾಯಮ್ಮನ ಕೈ ಹಾಗೆಯೇ ಇತ್ತು. “ನಂಗೆ ನಾಚಿಕೆ ಆಗ್ತದೆ ಕುಸುಮಾ. ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ.”

“ನಿಮಗೆ ನಾಚಿಕೆ ಆದ್ರೆ ನಂಗೆ ಶುಕ್ರವಾರ ಸಿಗ್ತದಾ ಸಿಸ್ಟರ್?”

ಏಜೆನ್ಸಿಯಲ್ಲಿ ನರ್ಸುಗಳನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುವುದು. ಕುಸುಮಾವತಿ ಹಾಗೆ ಕರೆದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಅವಳು ಹೋದಳು. ತೆಂಗಿನ ಹಾಲು ಚಮಚದಿಂದ ಬಾಯಮ್ಮನ ಸೆರಗಿಗೆ ಸುರಿದಿತ್ತು. ವಾಪಸು ಬರುವಾಗ ಅವರು ಡಬ್ಬಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಅತ್ತರು. ಅವರೂ ಅದನ್ನು ತಿನ್ನಲಿಲ್ಲ.

ಮುಂದಿನ ಶುಕ್ರವಾರ ಬಾಯಮ್ಮ ಯೂನಿಫಾರ್ಮ್ ಹಾಕಿ, ಬ್ಯಾಗು ಹೆಗಲಿಗೇರಿಸಿ, ಎಲ್ಲರಿಗಿಂತ ಮೊದಲು ಕೆಳಗಿಳಿದರು. ನಿಮಗೆ ಇವತ್ತು ರಜೆಯಲ್ಲವಾ ಎಂದ ಮುಝಮ್ಮಿಲ್. ಬೇಡ ಎಂದರು. ಹೆಲ್ಪರ್‌ಗಳು ಬಂದಾಗ ಅವರ ಎದುರು ನಿಂತು, ನಾನು ಕೊಟ್ಟ ಮಾತಿಗೆ ತಪ್ಪಿದೆ, ನಿಮ್ಮನ್ನು ಕೇಳದೆ ಒಪ್ಪಿಕೊಂಡು ಬಂದೆ, ಮತ್ತೊಮ್ಮೆ ನಿಲ್ಲುವ ಎಂದು ಹಿಂದಿಯಲ್ಲಿ ಹೇಳಿದರು. ಎಲ್ಲರೂ ಕುಸುಮಾವತಿಯ ಕಡೆ ನೋಡಿದರು. ಹಿಂದಿನ ಸಲ ನೋಡಿದ್ದು ಬಾಯಮ್ಮನ ಕಡೆ.

ಕುಸುಮಾವತಿ ವ್ಯಾನಿನ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟಳು. “ನಿಲ್ಲುವ. ಆದ್ರೆ ಈ ಸಲ ಮಾತಾಡ್ಲಿಕ್ಕೆ ನೀವು ಬೇಡ ಸಿಸ್ಟರ್.”

ಬಾಯಮ್ಮ ತಲೆಯಾಡಿಸಿದರು. ಹೆಲ್ಪರ್‌ಗಳ ಊಟದ ಚೀಲಗಳನ್ನು ಒಂದೊಂದಾಗಿ ತೆಗೆದುಕೊಂಡು ನನ್ನ ಅಂಗಡಿಯ ಗೋಡೆಗೆ ಒರಗಿಸಿ, ಅವುಗಳ ಪಕ್ಕದಲ್ಲಿ ನಿಂತರು. ಶ್ರೀಜಾ ಮೇಲಿನಿಂದ ನೋಡಿ, ಸ್ವಲ್ಪ ಗೊಣಗಿ, ಅವಳೂ ಇಳಿದು ಬಂದಳು.

ಈ ಸಲ ರೋನ್ಸನ್‌ಗೆ ಭಾನುವಾರದವರೆಗೆ ಕಾಯಲು ಆಗಲಿಲ್ಲ. ಬಿಸಿಲೇರುವ ಮೊದಲೇ ಕಾರಿನಲ್ಲಿ ಬಂದಿಳಿದ. ಇಳಿದವನು ಉಳಿದವರನ್ನೆಲ್ಲ ದಾಟಿ ನೇರ ಬಾಯಮ್ಮನ ಹತ್ತಿರ ಹೋಗಿ, ಅದೇ ಮೆತ್ತಗಿನ ಕೊಂಕಣಿಯಲ್ಲಿ, ಏನು ಬಾಯ್ ಇದೆಲ್ಲ, ನಾವು ನಾವು ಮಾತಾಡಿ ಮುಗಿಸಿದ್ದಲ್ಲವಾ ಎಂದ. ಬಾಯಮ್ಮ ಅವನ ಮುಖ ನೋಡಲಿಲ್ಲ. ಚೀಲಗಳನ್ನೇ ನೋಡುತ್ತಾ, ಬೀದಿಯ ಆ ಬದಿಯ ಕ್ಷೌರದ ಅಂಗಡಿಯವನಿಗೂ ಕೇಳುವ ಹಾಗೆ ಹೇಳಿದರು.

“ಹಿಂದೀ ಮೆ ಬೋಲಿಯೆ ಸರ್, ಸಬ್ ಕೆ ಸಾಮ್ನೆ. ಔರ್ ಕುಸುಮಾವತಿ ಸೆ ಬೋಲಿಯೆ.”

ಹಿಂದಿಯಲ್ಲಿ, ಎಲ್ಲರ ಎದುರು, ಅದೂ ಕುಸುಮಾವತಿಯ ಹತ್ತಿರ ಮಾತಾಡಬೇಕು ಎಂದದ್ದು ಕೇಳಿ ಅವನ ನಗು ಹೋಯಿತು. ವೀಸಾ, ಕಾಂಟ್ರಾಕ್ಟ್, ವಾಪಸು ಕಳಿಸುವುದು, ಎಲ್ಲ ಮಾತೂ ಬಂತು. ಕುಸುಮಾವತಿಯ ಹಿಂದಿ ನನ್ನ ಅರಬಿಗಿಂತಲೂ ಕೆಟ್ಟದ್ದು. ಆದರೆ ಅವಳು ಪ್ರತಿ ಮಾತನ್ನೂ ತಿರುಗಿ ಉಳಿದವರಿಗೆ ಹೇಳಿ, ಅವರು ಹೂಂ ಎಂದ ಮೇಲೆಯೇ ಉತ್ತರ ಕೊಟ್ಟಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ರೋನ್ಸನ್‌ನ ಶರಟು ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತು. ನಾನು ಅವನಿಗೊಂದು ನೀರಿನ ಬಾಟಲಿ ಕೊಟ್ಟೆ, ದುಡ್ಡು ತೆಗೆದುಕೊಂಡೆ. ಕೊನೆಗೆ ತೀರ್ಮಾನವಾದದ್ದು ಇಷ್ಟು: ನರ್ಸ್, ಹೆಲ್ಪರ್ ಭೇದವಿಲ್ಲದೆ ಎಲ್ಲರಿಗೂ ಸರದಿಯ ಮೇಲೆ ವಾರಕ್ಕೊಂದು ರಜೆ. ಶುಕ್ರವಾರ ಎಲ್ಲರಿಗೂ ಪ್ರತಿ ವಾರ ಸಿಗುವುದಿಲ್ಲ, ಆದರೆ ಎಲ್ಲರ ಪಾಲಿಗೂ ಬರುತ್ತದೆ. ನರ್ಸುಗಳು ಸಿಕ್ಕಿದ್ದ ಶುಕ್ರವಾರಗಳಲ್ಲಿ ಅರ್ಧ ಬಿಟ್ಟುಕೊಟ್ಟರು. ಶ್ರೀಜಾ ಬಾಯಮ್ಮನ ಹತ್ತಿರ ಒಂದು ವಾರ ಮಾತಾಡಲಿಲ್ಲ.

ಸನದ್‌ನಲ್ಲಿ ಇದನ್ನು ಹೇಳಿದಾಗ ಯಾನಿನಾ ಕೇಳಿದ್ದು ಎಲ್ಲರಿಗೂ ಕೇಳಿಸಿತಾ ಎಂದು ಮಾತ್ರ. ಈ ಸಲ ಕೇಳಿಸಿತು ಎಂದರಂತೆ ಬಾಯಮ್ಮ. ಆ ಗೇಟಿನ ಕತೆಯನ್ನು ಅವರು ಆಮೇಲೆ ಯಾರಿಗೂ ಹೇಳಲಿಲ್ಲ. ಹೊಸದಾಗಿ ಬಂದ ಹೆಲ್ಪರ್ ನುಸ್ರತ್‌ಗೆ ಅದನ್ನು ಅಡುಗೆಮನೆಯಲ್ಲಿ ಹೇಳಿದವಳು ಕುಸುಮಾವತಿ. ಅವಳು ಹೇಳುವಾಗ ಬಾಯಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರಂತೆ.

ಕುಸುಮಾವತಿ ಈಗ ತನ್ನ ರಜೆಯ ದಿನ ಮಧ್ಯಾಹ್ನದವರೆಗೆ ಮಲಗುತ್ತಾಳೆ. ಆ ಹೊತ್ತಿನಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯದ ಹಾಗೆ ಫ್ಲಾಟಿನಲ್ಲಿ ಕಾವಲು ಕಾಯುವವರು ಬಾಯಮ್ಮ. ಮರುವರ್ಷದ ಮೊಂತಿ ಫೆಸ್ತಿಗೆ ಎಲ್ಲರೂ ಬೆಳಿಗ್ಗೆ ಚಾಪೆಯ ಮೇಲೆ ಕೂತರು. ಬಾಯಮ್ಮ ಮೊದಲ ಚಮಚ ಅವಳಿಗೇ ಕೊಟ್ಟರು. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡು ತಿಂದಳು. ಬಾಯಿ ಒರೆಸಿಕೊಂಡು, ಥ್ಯಾಂಕ್ಸ್ ಸಿಸ್ಟರ್ ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದಳಂತೆ.

ಅದನ್ನು ನನಗೆ ಹೇಳಲು ಬಾಯಮ್ಮ ಅಂದು ವ್ಯಾನ್ ಬರುವ ಮೊದಲೇ ಅಂಗಡಿಗೆ ಇಳಿದು ಬಂದಿದ್ದರು. ಎದುರಿನಲ್ಲಿ ಬಾಡಿದ ಕೊತ್ತಂಬರಿ ಇತ್ತು. ಅವರು ಅದನ್ನು ನೋಡಲೇ ಇಲ್ಲ.

“ಅವಳು ತಿಂದಳು ಉಸ್ಮಾನ್ ಭಾಯ್, ನಂಗೆ ಅಷ್ಟು ಸಾಕು. ಅಕ್ಕ ಅಂತ ಕರಿ ಅಂತ ಯಾವ ಬಾಯಲ್ಲಿ ಕೇಳುದು?”